ಮನೆ ಬಾಗಿಲಿಗೆ ಬರುವ ಮೆರವಣಿಗೆ

ಆಗಮನ ಕಾಲದ ನಾಲ್ಕನೆಯ ಮೇಣದಬತ್ತಿಯನ್ನು ಹೊತ್ತಿಸುವ ವೇಳೆಗೆ ಕೊಡಗಿನಲ್ಲಿ ಚಳಿ ಬಲಿತಿರುತ್ತದೆ. ತೋಟಗಳಲ್ಲಿ ಅರೇಬಿಕಾ ಕಾಫಿಯ ಕೊಯ್ಲು ಭರದಿಂದ ಸಾಗಿ, ಕಣಗಳ ತುಂಬ ಹಣ್ಣು ಹರಡಿರುತ್ತದೆ. ದಿನವಿಡೀ ದುಡಿದ ಜನ ಕತ್ತಲಾಗುತ್ತಲೇ ಬಾಗಿಲು ಮುಚ್ಚಿ ಒಲೆಯ ಬಳಿ ಸೇರುವ ಕಾಲವಿದು. ಇಂಥ ರಾತ್ರಿಗಳಲ್ಲಿಯೇ ಕ್ರೈಸ್ತ ಬಾಂಧವರ ಸಣ್ಣ ತಂಡವೊಂದು ನಕ್ಷತ್ರದ ದೀಪ ಹಿಡಿದು, ಬಾಲ ಯೇಸುವಿನ ಸ್ವರೂಪವನ್ನು ಹೊತ್ತು, ಹಾಡುತ್ತ ಮನೆಯಿಂದ ಮನೆಗೆ ಹೊರಡುತ್ತದೆ.

ಕ್ರಿಸ್‌ಮಸ್ ಮೆರವಣಿಗೆ ಎಂದೊಡನೆ ದೊಡ್ಡ ನಗರಗಳ ವೈಭವ ಕಣ್ಣ ಮುಂದೆ ಬರುತ್ತದೆ. ನೆರೆಯ ಕೇರಳದ ತ್ರಿಶ್ಶೂರಿನಲ್ಲಿ 2013ರಿಂದ ನಡೆದುಬಂದಿರುವ ‘ಬೋನ್ ನತಾಲೆ’ಯಲ್ಲಿ ಸಾವಿರಾರು ಜನ ಕ್ರಿಸ್‌ಮಸ್ ತಾತನ ಕೆಂಪು ಉಡುಪು ಧರಿಸಿ ನಗರದ ಬೀದಿಗಳಲ್ಲಿ ಸಾಗುತ್ತಾರೆ. ಆದರೆ 1,748 ಮೀಟರ್ ಎತ್ತರದ ತಡಿಯಂಡಮೋಳ್ ಬೆಟ್ಟದ ಮಡಿಲಲ್ಲಿರುವ ಕಕ್ಕಬೆಯಂಥ ಊರಿನಲ್ಲಿ ಅಂಥ ಬೀದಿಗಳೆಲ್ಲಿ? ಇಲ್ಲಿ ಮನೆಗಳು ಸಾಲಾಗಿಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ, ತೊರೆ, ಗದ್ದೆಗಳಿವೆ. ಮೆರವಣಿಗೆಯನ್ನು ನೋಡಲು ಜನ ಬಂದು ಸೇರುವುದಿಲ್ಲ. ಮೆರವಣಿಗೆಯೇ ಜನರಿದ್ದಲ್ಲಿಗೆ ಹೋಗಬೇಕು. ಕೊಡಗಿನ ಕ್ರಿಸ್‌ಮಸ್ ಗಾಯನದ ವೈಶಿಷ್ಟ್ಯವಿರುವುದು ಇಲ್ಲಿಯೇ.

ಹಾಡುವವರನ್ನು ಬಲ್ಲ ನಾಡು

ಹಾಡುತ್ತ ಮನೆ ಬಾಗಿಲಿಗೆ ಬರುವವರು ಈ ನಾಡಿಗೆ ಹೊಸಬರಲ್ಲ. ಕೊಡವರ ಸುಗ್ಗಿಯ ಹಬ್ಬವಾದ ಹುತ್ತರಿಗೆ ಮುಹೂರ್ತ ನಿಶ್ಚಯವಾಗುವುದು ಕಕ್ಕಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ. ಹೊಸ ಭತ್ತದ ಕದಿರು ಮನೆ ತುಂಬಿದ ಮೇಲೆ ಹಾಡುಗಾರರು ದುಡಿ ಬಾರಿಸುತ್ತ ಮನೆಮನೆಗೆ ಹೋಗಿ ಹಾಡುವುದು, ಆ ಮನೆಯವರನ್ನು ಹರಸುವುದು, ಮನೆಯವರು ಅವರನ್ನು ಸತ್ಕರಿಸಿ ಕಾಣಿಕೆ ನೀಡುವುದು ಹಿಂದಿನಿಂದ ಬಂದ ಸಂಪ್ರದಾಯ. ಹುತ್ತರಿ ಕಳೆದು ಕೆಲವು ದಿನಗಳಲ್ಲೋ ವಾರಗಳಲ್ಲೋ ಕ್ರಿಸ್‌ಮಸ್ ಬರುತ್ತದೆ. ದುಡಿಯ ದನಿ ಕೇಳಿದ ಅಂಗಳದಲ್ಲಿ ಗಿಟಾರಿನ ದನಿ ಕೇಳಿಸುತ್ತದೆ. ಹಾಡಿನ ಭಾಷೆ ಬೇರೆ, ಅದರ ವಸ್ತು ಬೇರೆ. ಆದರೆ ರಾತ್ರಿ ಹಾಡುತ್ತ ಬಂದವರಿಗೆ ಬಾಗಿಲು ತೆರೆಯಬೇಕೆಂಬ ಮರ್ಯಾದೆ ಒಂದೇ. ಆದುದರಿಂದಲೇ ಕ್ರೈಸ್ತರಲ್ಲದ ನೆರೆಹೊರೆಯವರೂ ಈ ತಂಡವನ್ನು ಆದರದಿಂದ ಬರಮಾಡಿಕೊಳ್ಳುತ್ತಾರೆ.

ತೆರೆದ ಬಾಗಿಲಿನ ಋಣ

ಈ ಆದರಕ್ಕೆ ಎರಡು ಶತಮಾನಗಳನ್ನು ಮೀರಿದ ಹಿನ್ನೆಲೆಯಿದೆ. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದನು. ಅಲ್ಲಿಂದ ತಪ್ಪಿಸಿಕೊಂಡು ಬಂದ ಕೆಲವರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನು ಆಶ್ರಯವಿತ್ತನು. 1792ರಲ್ಲಿ ಅವನು ಸ್ಥಾಪಿಸಿದ ವೀರರಾಜಪೇಟೆಯಲ್ಲಿ ಅವರು ನೆಲೆ ಕಂಡರು. ಅಲ್ಲಿನ ಸಂತ ಅನ್ನಮ್ಮನವರ ದೇವಾಲಯವು ತನ್ನ ಇತಿಹಾಸವನ್ನು ಆ ವರ್ಷದಿಂದಲೇ ಎಣಿಸುತ್ತದೆ.

ಈ ಅರಸನಿಗೂ ಕಕ್ಕಬೆಗೂ ಹತ್ತಿರದ ನಂಟಿದೆ. ಅವನೂ ಸೆರೆಯ ಕಹಿಯನ್ನು ಉಂಡವನೇ. ಪಿರಿಯಾಪಟ್ಟಣದಲ್ಲಿ ಬಂಧಿಯಾಗಿದ್ದು 1788ರಲ್ಲಿ ಪಾರಾಗಿ ಬಂದ ಅವನು, ಕಕ್ಕಬೆಯ ಸಮೀಪ ಯವಕಪಾಡಿಯಲ್ಲಿ, ದಟ್ಟ ಕಾಡಿನ ಮರೆಯಲ್ಲಿ, 1792ರ ಸುಮಾರಿಗೆ ನಾಲ್ಕುನಾಡು ಅರಮನೆಯನ್ನು ಕಟ್ಟಿಸಿದನು. ಶತ್ರುವಿನ ಕಣ್ಣಿಗೆ ಬೀಳದ ತಾಣವೊಂದನ್ನು ತನಗಾಗಿ ಹುಡುಕಿದ ಕಾಲದಲ್ಲಿಯೇ ಅವನು ಅನ್ಯಧರ್ಮದ ನಿರಾಶ್ರಿತರಿಗೂ ನೆಲೆ ಕೊಟ್ಟನು. ಸೆರೆಯಿಂದ ಬಂದವರ ಸಂಕಟ ಅವನಿಗೆ ತಿಳಿಯದೆ ಇದ್ದೀತೇ? ಬೆತ್ಲೆಹೇಮಿನಲ್ಲಿ ತಂಗಲು ಸ್ಥಳ ದೊರೆಯದ ಮರಿಯಮ್ಮ ಮತ್ತು ಜೋಸೆಫರ ಕಥೆಯನ್ನು ಹಾಡುವಾಗ ಕೊಡಗಿನ ಕ್ರೈಸ್ತರು ನೆನೆಯಬೇಕಾದ ಸಂಗತಿಯಿದು: ಅವರ ಹಿರಿಯರಿಗೆ ಈ ನಾಡಿನಲ್ಲಿ ಸ್ಥಳ ದೊರೆಯಿತು.

ಎಲ್ಲರಿಗೂ ಒಂದೊಂದು ಕೆಲಸ

ಸಣ್ಣ ಸಮುದಾಯದ ಮೆರವಣಿಗೆಯಲ್ಲಿ ನೋಡುತ್ತ ನಿಲ್ಲಲು ಯಾರಿಗೂ ಬಿಡುವಿಲ್ಲ. ಕೈಚಳಕವುಳ್ಳವರು ಬಿದಿರ ಸೀಳುಗಳಿಗೆ ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಕಟ್ಟುತ್ತಾರೆ. ಕಂಠ ಚೆನ್ನಾಗಿರುವವರು ಹಾಡುತ್ತಾರೆ; ಇಲ್ಲದವರು ದೀಪ ಹಿಡಿಯುತ್ತಾರೆ, ತಮಟೆ ಬಾರಿಸುತ್ತಾರೆ. ಒಬ್ಬ ತರುಣ ಕ್ರಿಸ್‌ಮಸ್ ತಾತನ ವೇಷ ಧರಿಸಿ ಮಕ್ಕಳಿಗೆ ಮಿಠಾಯಿ ಹಂಚುತ್ತಾನೆ. ಕಾಲುದಾರಿಗಳನ್ನು ಬಲ್ಲ ಹಿರಿಯರೊಬ್ಬರು ಮುಂದೆ ನಡೆಯಬೇಕು. ಕಾಡಾನೆಗಳು ತೋಟಕ್ಕೆ ಇಳಿಯುವ ಈ ದಿನಗಳಲ್ಲಿ ಯಾವ ದಾರಿ ಹಿಡಿಯಬೇಕು, ಎಷ್ಟು ಹೊತ್ತಿಗೆ ಹಿಂದಿರುಗಬೇಕು ಎಂಬುದನ್ನು ತೀರ್ಮಾನಿಸುವ ಹೊಣೆ ಅವರದು.

ಮನೆಯನ್ನು ತಲುಪಿದಾಗ ಯಜಮಾನರು ಮೇಣದಬತ್ತಿ ಹಚ್ಚಿ ಬಾಲ ಯೇಸುವನ್ನು ಬರಮಾಡಿಕೊಳ್ಳುತ್ತಾರೆ. ಎರಡು ಹಾಡು, ಒಂದು ಚಿಕ್ಕ ಪ್ರಾರ್ಥನೆ, ಆ ಮನೆಯ ರೋಗಿಗಳಿಗಾಗಿ, ದೂರದಲ್ಲಿರುವ ಮಕ್ಕಳಿಗಾಗಿ ಒಂದು ಬೇಡಿಕೆ. ಬಳಿಕ ಬೆಲ್ಲದ ಕಾಫಿ. ಕೊಂಕಣಿಗರ ಮನೆಯಲ್ಲಿ ಕುಸ್ವಾರಿನ ತಟ್ಟೆ ಬರುತ್ತದೆ. ಮಲಯಾಳಿಗಳ ಮನೆಯಲ್ಲಿ ಕೇಕಿನ ತುಂಡು. ಕೊಡಗಿನ ಧರ್ಮಕೇಂದ್ರಗಳಲ್ಲಿ ಕೊಂಕಣಿ, ಮಲಯಾಳ, ತಮಿಳು, ಕನ್ನಡ ಮಾತನಾಡುವ ಕುಟುಂಬಗಳು ಒಂದೇ ಪೀಠದ ಮುಂದೆ ಮಂಡಿಯೂರುತ್ತವೆ. ಹೋದ ಮನೆಯವರ ಭಾಷೆಯಲ್ಲಿ ಒಂದು ಹಾಡನ್ನಾದರೂ ಹಾಡಬೇಕಾದಾಗ ಕೊಂಕಣಿ ಹುಡುಗಿ ತಮಿಳು ಪದಗಳನ್ನು ಕಲಿಯುತ್ತಾಳೆ, ಮಲಯಾಳಿ ಹುಡುಗ ಕನ್ನಡದ ಉಚ್ಚಾರವನ್ನು ತಿದ್ದಿಕೊಳ್ಳುತ್ತಾನೆ. ಬೇರೆ ಸಮಯದಲ್ಲಿ ಆಗದ ಈ ಬೆರೆತ ಹತ್ತು ದಿನಗಳ ಹಾಡಿನ ಅಭ್ಯಾಸದಲ್ಲಿ ತಾನಾಗಿಯೇ ಆಗುತ್ತದೆ.

ಮೊದಲು ಯಾವ ಬಾಗಿಲು?

ಇಂದು ಈ ಪದ್ಧತಿಗೆ ಎದುರಾಗಿರುವ ತೊಡಕುಗಳು ಎಲ್ಲರಿಗೂ ತಿಳಿದಿವೆ. ತರುಣರು ಬೆಂಗಳೂರಿಗೆ, ಕೊಲ್ಲಿ ರಾಷ್ಟ್ರಗಳಿಗೆ ಹೋಗಿದ್ದಾರೆ. ಇರುವ ನಾಲ್ಕೈದು ಜನ ಜೀಪು ಹತ್ತಿ, ಧ್ವನಿವರ್ಧಕ ಹಚ್ಚಿ, ಒಂದೇ ರಾತ್ರಿಯಲ್ಲಿ ಎಲ್ಲ ಮುಗಿಸಲು ಹವಣಿಸುತ್ತಾರೆ. ಜೀಪು ಹೋಗುವ ಮನೆಗಳಷ್ಟೇ ಪಟ್ಟಿಯಲ್ಲಿ ಉಳಿಯುತ್ತವೆ. ಕಾಣಿಕೆಯ ಲಕೋಟೆ ಸಿದ್ಧವಾಗಿರುವ ಬಂಗಲೆಗಳು ಮೊದಲಾಗುತ್ತವೆ, ತೋಟದೊಳಗಿನ ಲೈನ್ ಮನೆಗಳು ಬಿಟ್ಟುಹೋಗುತ್ತವೆ. ದಣಿವನ್ನೂ ಜನರ ಅಭಾವವನ್ನೂ ಯಾರೂ ಅಲ್ಲಗಳೆಯಲಾರರು. ಆದರೂ ಹಾಗೆ ಉಳಿಯುವುದು ಕಾಣಿಕೆಯ ಸಂಗ್ರಹವೇ ಹೊರತು ಕ್ರಿಸ್ತ ಜಯಂತಿಯ ಸಂದೇಶವಲ್ಲ.

ಸಂತ ಲೂಕನ ಶುಭಸಂದೇಶದ ಪ್ರಕಾರ ಯೇಸುವಿನ ಜನನದ ವಾರ್ತೆ ಮೊದಲು ಮುಟ್ಟಿದ್ದು ರಾತ್ರಿಯೆಲ್ಲ ಎಚ್ಚರವಿದ್ದು ಮಂದೆ ಕಾಯುತ್ತಿದ್ದ ಕುರುಬರಿಗೆ. ಅವರೇ ಬೆತ್ಲೆಹೇಮಿಗೆ ಧಾವಿಸಿದ ಮೊದಲ ಮೆರವಣಿಗೆಯವರು. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಗ್ರಾಮದ ಬೆಟ್ಟದಲ್ಲಿ ಹುಲ್ಲು, ಎತ್ತು, ಕತ್ತೆಗಳೊಡನೆ ಗೋದಲಿಯನ್ನು ರಚಿಸಿದಾಗಲೂ ಪಂಜು, ಮೇಣದಬತ್ತಿಗಳನ್ನು ಹಿಡಿದು ಕಾಡಿನ ದಾರಿಯಲ್ಲಿ ಹಾಡುತ್ತ ಬಂದವರು ಸುತ್ತಲಿನ ಹಳ್ಳಿಗರು.

ಕೊಡಗಿನ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಂಥ ದೂರದ ರಾಜ್ಯಗಳಿಂದ ಕೆಲಸ ಅರಸಿ ಬಂದ ಕುಟುಂಬಗಳೂ ಇವೆ. ಅವರ ಭಾಷೆ ನಮಗೆ ತಿಳಿಯದು, ನಮ್ಮ ಹಾಡು ಅವರಿಗೆ ಪೂರ್ತಿ ಅರ್ಥವಾಗದು. ಅವರು ಕ್ರಿಸ್ತನನ್ನು ಅರಿತವರಾಗಿರಲಿ, ಅರಿಯದವರಾಗಿರಲಿ, ಹಾಡುತ್ತ ಬಾಗಿಲಿಗೆ ಬಂದು ಕುಶಲ ವಿಚಾರಿಸಿ ಮಕ್ಕಳ ಕೈಗೆ ಸಿಹಿ ಇಟ್ಟವರನ್ನು ಮರೆಯಲಾರರು. ಪರಸ್ಥಳದಿಂದ ಬಂದವರಾಗಿ ಒಮ್ಮೆ ಈ ನಾಡಿನ ಬಾಗಿಲು ತಟ್ಟಿದ ಸಮುದಾಯಕ್ಕೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಈ ವರ್ಷ ಗಾಯನ ತಂಡದ ಹಿರಿಯರು ಕುಳಿತು ಮನೆಗಳ ಪಟ್ಟಿಯನ್ನು ಸಿದ್ಧಪಡಿಸುವಾಗ ಲೈನ್ ಮನೆಗಳ ಹೆಸರನ್ನು ಮೊದಲ ಸಾಲಿನಲ್ಲಿಯೇ ಬರೆಯಲಿ. ಜೀಪು ಹೋಗದ ದಾರಿಗಾಗಿ ಒಂದು ಸಂಜೆಯನ್ನು ಮೀಸಲಿಡಲಿ. ರಜೆಗೆಂದು ಊರಿಗೆ ಬರುವ ಮಕ್ಕಳು ಆ ಸಂಜೆಯಾದರೂ ದೀಪ ಹಿಡಿದು ಜೊತೆಗೂಡಲಿ.