ಮಾತ್ರೆ ಯಾರ ನೆಮ್ಮದಿಗೆ?

ಬೆಂಗಳೂರಿನ ನಾಗಸಂದ್ರದ ಹದಿನಾರರ ಹುಡುಗ ಕಳವಿನ ಪ್ರಕರಣದಲ್ಲಿ ಸಿಕ್ಕಿಬಿದ್ದರೆ ಅವನನ್ನು ಜೈಲಿಗೆ ಹಾಕುವಂತಿಲ್ಲ. ಬಾಲ ನ್ಯಾಯ ಮಂಡಳಿ ಜಾಮೀನು ಕೊಡದಿದ್ದರೆ ಅವನನ್ನು ಕಳಿಸುವುದು ವೀಕ್ಷಣಾಲಯಕ್ಕೆ. ಬೆಂಗಳೂರಿನ ಬಾಲಕರ ಸರ್ಕಾರಿ ವೀಕ್ಷಣಾಲಯ ಇರುವುದು ದೂರದ ಮಡಿವಾಳದಲ್ಲಿ. ಇಂಥ ಹುಡುಗರಿಗೆ ಮೊದಲ ರಾತ್ರಿಗಳು ಬಲು ಕಷ್ಟ. ಮೂಸುವ ಸೊಲ್ಯೂಷನ್, ಗಾಂಜಾದ ಚಟವಿದ್ದರಂತೂ ಅದು ಏಕಾಏಕಿ ತಪ್ಪಿದ ಸಂಕಟವೂ ಸೇರಿ ನಿದ್ದೆ ಹಾರಿಹೋಗುತ್ತದೆ, ಸಿಟ್ಟು ಏರುತ್ತದೆ. ನೋಡಿಕೊಳ್ಳುವ ಕೈಗಳು ಕಡಿಮೆಯಿದ್ದಲ್ಲಿ ಹುಡುಗನನ್ನು ಮಲಗಿಸುವ ಮಾತ್ರೆಯೇ ಸುಲಭದ ದಾರಿಯಾಗಿ ಕಾಣುತ್ತದೆ.

ಆ ದಾರಿ ಎಲ್ಲಿಗೆ ಮುಟ್ಟೀತು ಎಂಬುದನ್ನು ಅಮೆರಿಕದ ಫ್ಲಾರಿಡಾ ತೋರಿಸಿದೆ. ಅಲ್ಲಿನ ಬಾಲ ನ್ಯಾಯ ಇಲಾಖೆ 2007ರಲ್ಲಿ ಸಾಮಾನ್ಯ ನೋವಿನ ಮಾತ್ರೆ ಐಬುಪ್ರೊಫೆನ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಸೆರೊಕ್ವೆಲ್ ಖರೀದಿಸಿತ್ತು. ಅದು ತೀವ್ರ ಮನೋರೋಗಕ್ಕೆ ಕೊಡುವ ಔಷಧ. ಇದನ್ನು 2011ರಲ್ಲಿ ಬಯಲಿಗೆಳೆದದ್ದು ‘ಪಾಮ್ ಬೀಚ್ ಪೋಸ್ಟ್’ ಪತ್ರಿಕೆ.

ನಮ್ಮ ಕಾನೂನು ಈ ಅಪಾಯವನ್ನು ಗುರುತಿಸಿದೆ. ಬಾಲ ನ್ಯಾಯದ 2016ರ ಮಾದರಿ ನಿಯಮಗಳ ಪ್ರಕಾರ, ತಜ್ಞರು ಪರೀಕ್ಷಿಸಿ ಕಾಯಿಲೆ ಗುರುತಿಸದೆ ಯಾವ ಮಗುವಿಗೂ ಮಾನಸಿಕ ತೊಂದರೆಯ ಔಷಧ ಕೊಡುವಂತಿಲ್ಲ. ಅದನ್ನು ಕೊಡಬೇಕಾದವರು ತರಬೇತಿ ಪಡೆದ ವೈದ್ಯಕೀಯ ಸಿಬ್ಬಂದಿಯೇ ಹೊರತು ಕಾವಲಿನವರಲ್ಲ. ಮಾನಸಿಕ ಕಾಯಿಲೆ ಅಥವಾ ವ್ಯಸನ ಕಂಡ ಮಗುವನ್ನು ಆಸ್ಪತ್ರೆಗೆ ಸಾಗಿಸಲು ಮಂಡಳಿ ಆದೇಶಿಸಬಹುದು ಎನ್ನುತ್ತದೆ 2015ರ ಕಾಯ್ದೆಯ 93ನೇ ಸೆಕ್ಷನ್. ಮಕ್ಕಳ ಮನೋವೈದ್ಯಕೀಯ ವಿಭಾಗವೇ ಇರುವ ನಿಮ್ಹಾನ್ಸ್ ಮಡಿವಾಳಕ್ಕೆ ಹತ್ತಿರದಲ್ಲೇ ಇದೆ.

ಔಷಧ ಶತ್ರುವಲ್ಲ. ಖಿನ್ನತೆಯಲ್ಲಿ ಮುಳುಗಿದ, ಇಲ್ಲದ ದನಿಗಳು ಕೇಳಿಸುವ ಹುಡುಗನಿಗೆ ಅದನ್ನು ಕೊಡದಿರುವುದೂ ಅನ್ಯಾಯವೇ. ಆದರೆ ರಿಸ್ಪೆರಿಡೋನ್‌ನಂಥ ಮಾತ್ರೆ ಮಂಪರು ತರಿಸುತ್ತದೆ, ಮೈತೂಕ ಏರಿಸುತ್ತದೆ. ಅದಕ್ಕೇ ತೂಕ, ರಕ್ತ ಪರೀಕ್ಷೆ, ಆಪ್ತಸಮಾಲೋಚನೆ ಜೊತೆಗಿರಬೇಕು.

ದೊಡ್ಡ ಬಿರುಕು ಕಾಣಿಸುವುದು ಬಿಡುಗಡೆಯ ದಿನ. ಜಾಮೀನು ಯಾವಾಗ ಸಿಗುವುದೋ ಗೊತ್ತಿರುವುದಿಲ್ಲ. ಔಷಧ ಚೀಟಿಯಿಲ್ಲದೆ ಮನೆಗೆ ಮರಳಿದರೆ ಮಾತ್ರೆ ಥಟ್ಟನೆ ನಿಲ್ಲುತ್ತದೆ, ಕಾಯಿಲೆ ಮರುಕಳಿಸಬಹುದು. ಪಾಳಿಯಲ್ಲಿ ದುಡಿಯುವ ಅಪ್ಪ ಅಮ್ಮನಿಗೆ ಮರುಕಳಿಸಿದ ಕಾಯಿಲೆ ಹೊಸ ಅಪರಾಧದಂತೆಯೇ ಕಂಡೀತು. 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಅವರು ಉಚಿತವಾಗಿ ಕರೆ ಮಾಡಬಹುದು. ಆದರೆ ಮಗನಿಗೆ ಏನಾಗಿದೆ ಎಂದು ಮೊದಲು ಅವರಿಗೆ ಯಾರಾದರೂ ಹೇಳಿರಬೇಕಲ್ಲ?

ಹಾಗಾಗಿ ಬಿಡುಗಡೆಯ ಆದೇಶದೊಂದಿಗೆ ಮೂರು ಸಂಗತಿ ಕಡ್ಡಾಯವಾಗಲಿ: ಕನ್ನಡದಲ್ಲಿ ಬರೆದ ಔಷಧ ಚೀಟಿ, ಕೆಲವು ವಾರಕ್ಕಾಗುವ ಮಾತ್ರೆ, ಮನೆಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮುಂದಿನ ಭೇಟಿಯ ದಿನಾಂಕ. ಮಗುವನ್ನು ವಶಕ್ಕೆ ಪಡೆದ ಸರ್ಕಾರವೇ ಅದರ ಚಿಕಿತ್ಸೆಯನ್ನು ಮನೆಯವರೆಗೂ ತಲುಪಿಸಬೇಕು.