376 ಜನರ ‘ದಂಡಯಾತ್ರೆ’

ಚರ್ಮದ ಬಣ್ಣ, ಕುಲಮೂಲ ನೋಡಿ ಮನುಷ್ಯರಲ್ಲಿ ಮೇಲು ಕೀಳು ಮಾಡುವುದು ಜನಾಂಗದ್ವೇಷ. ಹೊರಗಿನವರು ಎಂಬ ಒಂದೇ ಕಾರಣಕ್ಕೆ ಅಂಜುವುದು, ಸಿಡುಕುವುದು ಪರಕೀಯದ್ವೇಷ. ಎರಡೂ ಸಾಮಾನ್ಯವಾಗಿ ಜೋಡಿಯಾಗಿಯೇ ತಿರುಗುತ್ತವೆ. ವ್ಯಾಖ್ಯೆ ಇಷ್ಟು ಸಾಕು. ಈ ಪಾಠ ಹೇಳುವಾಗಲೆಲ್ಲ ಕೇಳುಗರು ಒಂದು ಕಡೆ ಎಡವುವುದನ್ನು ಕಂಡಿದ್ದೇನೆ: ಬೈಗುಳ ಇಲ್ಲದಿದ್ದರೆ ದ್ವೇಷವೂ ಇಲ್ಲ ಎಂದುಕೊಂಡುಬಿಡುತ್ತಾರೆ. ಅದಕ್ಕೇ ಒಂದು ಹಡಗಿನ ಸಂಗತಿ ಹೇಳುತ್ತೇನೆ.

1914ರ ಮೇ 23ರಂದು ಕೊಮಗಾಟ ಮಾರು ಎಂಬ ಜಪಾನಿ ಹಡಗು ಕೆನಡಾದ ವ್ಯಾಂಕೂವರ್ ಬಂದರಿಗೆ ಬಂತು. ಅದನ್ನು ಬಾಡಿಗೆಗೆ ಹಿಡಿದವರು ಗುರುದಿತ್ ಸಿಂಗ್. ಒಳಗಿದ್ದವರು 376 ಮಂದಿ, ಹೆಚ್ಚಿನವರು ಪಂಜಾಬಿನವರು. ಅಲ್ಲಿನ ಪತ್ರಿಕೆಗಳಿಗೆ ಅದು ‘ಹಿಂದೂಗಳ ದಂಡಯಾತ್ರೆ’. ಹಡಗಿನಲ್ಲಿದ್ದ ಸಿಖ್ಖರು 340, ಮುಸ್ಲಿಮರು 24, ಹಿಂದೂಗಳು ಬರೀ 12! ಅಲ್ಲಿ ಆಗ ಹಿಂದೂಸ್ಥಾನದಿಂದ ಬಂದವರಿಗೆಲ್ಲ ಅದೊಂದೇ ಹೆಸರು. ಇನ್ನು ‘ದಂಡು’ ಎಂಬ ಮಾತು. 1913ರಲ್ಲಿ ಕೆನಡಾಕ್ಕೆ ಬಂದಿಳಿದ ವಲಸಿಗರು ಸುಮಾರು 4 ಲಕ್ಷ. ಅವರ ಪಕ್ಕದಲ್ಲಿ ಈ ಹಡಗಿನವರನ್ನು ನಿಲ್ಲಿಸಿದರೆ ಸಾವಿರಕ್ಕೆ ಒಬ್ಬರೂ ಬೀಳುವುದಿಲ್ಲ. ದಂಡು, ಹಿಂಡು, ಪ್ರವಾಹ ಎಂದ ಮೇಲೆ ತಲೆ ಎಣಿಸುವ ಗೊಡವೆಯೇ ಇರುವುದಿಲ್ಲ. ಹೊಳೆಗೆ ನೆರೆ ಬಂದಾಗ ನೀರನ್ನು ಯಾರು ಎಣಿಸುತ್ತಾರೆ? ಒಡ್ಡು ಹಾಕುತ್ತಾರೆ. (ನಮ್ಮ ಪತ್ರಿಕೆಗಳ ‘ವಲಸಿಗರ ಮಹಾಪೂರ’ವನ್ನೂ ಇಲ್ಲಿ ನೆನೆಯಬಹುದು.)

ಆ ಒಡ್ಡನ್ನು ಕಟ್ಟಿದ ಬಗೆ ನೋಡಿ. ಭಾರತೀಯರೂ ಕೆನಡಾದವರೂ ಆಗ ಒಬ್ಬನೇ ದೊರೆಯ ಪ್ರಜೆಗಳು. ಹೆಸರು ಹಿಡಿದು ಬೇಡವೆಂದರೆ ಭಾರತದಲ್ಲಿ ಗಲಭೆಯಾದೀತೆಂಬ ಅಳುಕು ಲಂಡನ್ನಿಗಿತ್ತು. ಹಾಗಾಗಿ 1908ರಲ್ಲಿ ಕೆನಡಾ ಸರ್ಕಾರ ಒಂದು ನಿಯಮ ತಂದಿತು: ಬರುವವರು ತಾವು ಹುಟ್ಟಿದ ಅಥವಾ ಪೌರರಾಗಿರುವ ದೇಶದಿಂದ, ಅಲ್ಲೇ ಕೊಂಡ ಟಿಕೆಟ್ಟಿನಲ್ಲಿ, ನಡುವೆ ಎಲ್ಲೂ ಪ್ರಯಾಣ ಮುರಿಯದೆ ಬರಬೇಕು. ಭಾರತದ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಆದರೆ ಕಲ್ಕತ್ತೆಯಿಂದ ಅಂಥ ಟಿಕೆಟ್ ಕೊಡಬಲ್ಲ ಹಡಗು ಕಂಪನಿಗೆ, ಕೊಡಬೇಡಿ ಎಂದು ಒತ್ತಡ ಹಾಕಿದ್ದೂ ಅದೇ ಸರ್ಕಾರ! ಬಾಗಿಲಿಗೆ ಬೀಗ ಜಡಿದು, ಬಾಗಿಲಿನಿಂದ ಯಾಕೆ ಬರಲಿಲ್ಲ ಎಂದು ಗದರಿದಂತೆ.

ಸಾರ್ವಜನಿಕ ಕಥನ ಹುಟ್ಟುವುದು ಇಲ್ಲಿ. ‘ಕಂದು ಬಣ್ಣದವರು ಬೇಡ’ ಎಂದು ಬಾಯಿಬಿಟ್ಟು ಹೇಳಲು ಮುಜುಗರಪಡುವ ಸಭ್ಯಸ್ಥರೂ ‘ಇವರು ನಿಯಮ ಮುರಿದವರು’ ಎಂದು ಧೈರ್ಯವಾಗಿ ಹೇಳಬಹುದಾಯಿತು. ನಿಯಮವೇ ತಪ್ಪಿತಸ್ಥನನ್ನು ತಯಾರಿಸಿಕೊಟ್ಟಿತು, ಪತ್ರಿಕೆ ಅವನ ಕಥೆ ಬರೆಯಿತು. ಎಲ್ಲರ ಪರವಾಗಿ ಮಾದರಿ ಮೊಕದ್ದಮೆಗೆ ಆರಿಸಿದ ಪ್ರಯಾಣಿಕ ಮುನ್ಶಿ ಸಿಂಗ್ ತಾನು ಬೇಸಾಯಗಾರನೆಂದ, ಬೇಸಾಯಕ್ಕೇ ಬಂದೆನೆಂದ. ಅಧಿಕಾರಿಗಳು ಅವನನ್ನು ಕೂಲಿಯವನೆಂದು ಬರೆದುಕೊಂಡರು. ನೇರ ಪ್ರಯಾಣ ಮಾಡಿಲ್ಲ, ಕೈಯಲ್ಲಿ ಇರಲೇಬೇಕಿದ್ದ 200 ಡಾಲರ್ ಇಲ್ಲ ಎಂಬುದೂ ಸೇರಿತು. ಅವನನ್ನು ಇಳಿಯಗೊಡಬಾರದೆಂಬ ಅವರ ತೀರ್ಮಾನವನ್ನೇ ಜುಲೈ 6ರಂದು ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು.

ದಡ ಕಣ್ಣಿಗೆ ಕಾಣುತ್ತಿದ್ದಂತೆಯೇ ಎರಡು ತಿಂಗಳು ಅನ್ನ ನೀರಿಗೆ ತತ್ವಾರಪಟ್ಟು, ಇಳಿಯಲು ಅನುಮತಿ ಸಿಕ್ಕ 24 ಮಂದಿಯನ್ನು ಬಿಟ್ಟು, ಹಡಗು ಜುಲೈ 23ರಂದು ಹಿಂದಿರುಗಿತು. 2016ರಲ್ಲಿ ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಮುಂದೆ ಓದಬೇಕೆನ್ನುವವರಿಗೆ ನನ್ನದೊಂದು ಕೋರಿಕೆ: ಕ್ಷಮೆಯ ಭಾಷಣವನ್ನು ಕೊನೆಗೆ ಇಟ್ಟುಕೊಳ್ಳಿ, ಮೊದಲು 1908ರ ಆ ನಿಯಮ ಓದಿ. ಪಕ್ಕದಲ್ಲೊಂದು ಭೂಪಟ ಇರಲಿ. ಕಲ್ಕತ್ತೆಯ ಮೇಲೆ ಬೆರಳಿಟ್ಟು, ಸಿಂಗಪುರ, ಹಾಂಗ್‌ಕಾಂಗ್, ಯೊಕೊಹಾಮಾ ದಾಟಿ, ಎಲ್ಲೂ ಎತ್ತದೆ ವ್ಯಾಂಕೂವರ್‌ವರೆಗೆ ಎಳೆದು ನೋಡಿ.