ನಿಮಗಿದು ಗೊತ್ತೇ? ಬೆಂಗಳೂರಿನಲ್ಲಿ ಸಂಸಾರ ಹೂಡಿದ್ದ ಚೀನೀ ಲೇಖಕಿ

ತಿಪಟೂರಿನಲ್ಲಿ ರೈಲು ಹತ್ತಿದರೆ ಎರಡು-ಮೂರು ಗಂಟೆಯಲ್ಲಿ ಬೆಂಗಳೂರು. ಚೀನಾದ ಹೆಸರಾಂತ ಕಾದಂಬರಿಗಾರ್ತಿ ಹಾನ್ ಸುಯಿನ್ ಕೆಲಕಾಲ ಅಲ್ಲೇ ವಾಸವಾಗಿದ್ದರು! ಪತಿ ವಿನ್ಸೆಂಟ್ ರತ್ನಸ್ವಾಮಿ ಭಾರತೀಯ ಸೇನೆಯ ಕರ್ನಲ್, ಎಂಜಿನಿಯರ್.

ಸುಯಿನ್ ಅವರ ತಂದೆಯೂ ಎಂಜಿನಿಯರ್, ಅದೂ ರೈಲ್ವೆಯಲ್ಲಿ. ಬೆಲ್ಜಿಯಂಗೆ ಓದಲು ಹೋದ ಚೀನೀ ಯುವಕ ಅಲ್ಲಿನ ಹುಡುಗಿಯನ್ನೇ ಮದುವೆಯಾಗಿ ಊರಿಗೆ ಕರೆತಂದರು. ಅವರ ಮಗಳು ಹುಟ್ಟಿದ್ದು ಹೆನಾನ್ ಪ್ರಾಂತ್ಯದ ಶಿನ್‌ಯಾಂಗ್‌ನಲ್ಲಿ. ಹಾನ್ ಸುಯಿನ್ ಎಂಬುದು ಕಾವ್ಯನಾಮ.

ಅವರು ಡಾಕ್ಟರೂ ಹೌದು. 1948ರಲ್ಲಿ ಲಂಡನ್ನಿನಲ್ಲಿ ವೈದ್ಯ ಪದವಿ ಪಡೆದು, ಮೊದಲು ಹಾಂಗ್‌ಕಾಂಗ್, ಆಮೇಲೆ ಮಲಯದ ಜೊಹೋರ್ ಬಾರುವಿನಲ್ಲಿ ರೋಗಿಗಳನ್ನು ನೋಡುತ್ತಲೇ ಬರೆದರು. ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಪುಸ್ತಕಗಳಿವೆ.

ಹಾಂಗ್‌ಕಾಂಗಿನಲ್ಲಿ ಅವರು ಪ್ರೀತಿಸಿದ ಪತ್ರಕರ್ತ ಇಯಾನ್ ಮಾರಿಸನ್ 1950ರಲ್ಲಿ ಕೊರಿಯಾ ಯುದ್ಧದ ವರದಿಗೆ ಹೋಗಿ ಅಲ್ಲೇ ಮಡಿದರು. ಆ ನೋವಿನಿಂದ ಬಂದದ್ದು 1952ರ ‘ಎ ಮೆನಿ ಸ್ಪ್ಲೆಂಡರ್ಡ್ ಥಿಂಗ್’. 1955ರಲ್ಲಿ ಹಾಲಿವುಡ್ ಅದನ್ನು ಸಿನಿಮಾ ಮಾಡಿತು, ಮೂರು ಆಸ್ಕರ್ ಬಂದವು. ಚೀನೀ-ಯುರೋಪಿಯನ್ ನಾಯಕಿಯ ಪಾತ್ರ ಮಾತ್ರ ಅಮೆರಿಕದ ಜೆನಿಫರ್ ಜೋನ್ಸ್ ಪಾಲಾಯಿತು. ಅದು ಏಷ್ಯಾದ ನಟಿಯೊಬ್ಬಳಿಗೆ ಸಲ್ಲಬೇಕಿದ್ದ ಪಾತ್ರ.

ರತ್ನಸ್ವಾಮಿಯವರ ಪರಿಚಯವಾದದ್ದು ಕಠ್ಮಂಡುವಿನಲ್ಲಿ, 1956ರ ರಾಜ ಮಹೇಂದ್ರರ ಪಟ್ಟಾಭಿಷೇಕದ ಹೊತ್ತಿಗೆ. ಎರಡು ವರ್ಷದಲ್ಲಿ ‘ದಿ ಮೌಂಟನ್ ಈಸ್ ಯಂಗ್’ ಹೊರಬಂತು. ಅದರ ನಾಯಕ ಉನ್ನಿ ಮೆನನ್ ಎಂಬ ಭಾರತೀಯ ಎಂಜಿನಿಯರ್! ಓದಿದವರಿಗೆ ಅದು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಸಿಂಗಪುರದ ನಾನ್‌ಯಾಂಗ್ ವಿಶ್ವವಿದ್ಯಾಲಯ ಇಂಗ್ಲಿಷ್ ಸಾಹಿತ್ಯ ಕಲಿಸಲು ಕರೆದಾಗ ಸುಯಿನ್ ಒಪ್ಪಲಿಲ್ಲ. ಡಿಕನ್ಸ್ ಪಾಠ ಮಾಡುವುದಕ್ಕಿಂತ ಏಷ್ಯಾದವರ ಸಾಹಿತ್ಯ ಬೆಳೆಯಬೇಕೆಂಬುದು ಅವರ ಹಂಬಲ. ಮುಂದೆ ಅಲ್ಲೇ ಆಧುನಿಕ ಏಷ್ಯಾ ಸಾಹಿತ್ಯವನ್ನು ಕಲಿಸಿದರು. ನನಗೆ ಅವರಲ್ಲಿ ಬಹಳ ಮೆಚ್ಚುಗೆಯಾದ ನಡೆ ಇದು.

1962ರಲ್ಲಿ ಹುಟ್ಟಿದ ದೇಶಕ್ಕೂ ಗಂಡನ ದೇಶಕ್ಕೂ ಯುದ್ಧವಾಯಿತು. ಆ ಸಂಕಟ ದೊಡ್ಡದು, ಒಪ್ಪೋಣ. ಆದರೆ ಮಾವೋ ಅವರನ್ನೂ ಸಾಂಸ್ಕೃತಿಕ ಕ್ರಾಂತಿಯನ್ನೂ ಅವರು ಹೊಗಳಿ ಬರೆದದ್ದು ಸರಿಯಲ್ಲ. ಆ ಕ್ರಾಂತಿಯಲ್ಲಿ ನುಚ್ಚುನೂರಾದವರಲ್ಲಿ ಲೇಖಕರೇ ಎಷ್ಟೊಂದು ಮಂದಿ!

2012ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು. ಮೊದಲ ಬಾರಿಗೆ ಓದುವವರು 1965ರ ಆತ್ಮಕಥನ ‘ದಿ ಕ್ರಿಪಲ್ಡ್ ಟ್ರೀ’ಯಿಂದ ಶುರುಮಾಡಬಹುದು. ತಂದೆಯ ರೈಲ್ವೆ ಬದುಕೂ, ಚೀನಾದ ಆ ಕಾಲವೂ ಅದರಲ್ಲಿ ಒಟ್ಟಿಗೇ ಸಿಗುತ್ತವೆ.

ಚೀನಾದಲ್ಲಿ 1989ರಲ್ಲಿ ಶುರುವಾದ ಅನುವಾದ ಸ್ಪರ್ಧೆಯೊಂದಕ್ಕೆ ಅವರದೇ ಹೆಸರು. ಯುವ ಅನುವಾದಕರನ್ನು ಹುರಿದುಂಬಿಸುವುದೇ ಅದರ ಉದ್ದೇಶ.

ಅನುವಾದದ ಮಾತು ಬಂದರೆ ತಿಪಟೂರಿನ ಸುತ್ತಲ ತೆಂಗಿನ ಸೀಮೆಯೂ ಹಿಂದೆ ಬಿದ್ದಿಲ್ಲ! ‘ಇಂಗ್ಲಿಷ್ ಗೀತಗಳು’ ಮೂಲಕ ಕನ್ನಡ ಕಾವ್ಯದ ದಿಕ್ಕನ್ನೇ ಬದಲಿಸಿದ ಬಿ.ಎಂ.ಶ್ರೀ 1884ರಲ್ಲಿ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಸಂಸ್ಕೃತದ ಕಾವ್ಯಚಿಂತನೆಯನ್ನು ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಕನ್ನಡದ ಓದುಗರ ಕೈಗಿಟ್ಟ ತೀ.ನಂ.ಶ್ರೀಯವರ ಊರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ.

ಇನ್ನು ತಿಪಟೂರಿನ ನೆರೆಯ ಹಾಸನದ ಬಾನು ಮುಷ್ತಾಕ್. ಅವರ ಹನ್ನೆರಡು ಕಥೆಗಳನ್ನು ಕೊಡಗಿನ ದೀಪಾ ಭಾಸ್ತಿ ‘ಹಾರ್ಟ್ ಲ್ಯಾಂಪ್’ ಹೆಸರಲ್ಲಿ ಇಂಗ್ಲಿಷಿಗೆ ತಂದರು. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಮೊಟ್ಟಮೊದಲ ಬಾರಿಗೆ ಕನ್ನಡಕ್ಕೆ ಬಂತು. ಬಹುಮಾನದ 50,000 ಪೌಂಡಿನಲ್ಲಿ ಬರೆದವರಿಗೂ ಅನುವಾದಿಸಿದವರಿಗೂ ಸಮಪಾಲು!